ಬರೆದುಕೊಳ್ಳದ ಗೆಲುವು

ನಾನು ಕೊಪ್ಪದ ಕಾಲೇಜೊಂದರ ಕನ್ನಡ ಮೇಷ್ಟ್ರು. ಆ ವರ್ಷ ದೈಹಿಕ ಶಿಕ್ಷಕರಿಲ್ಲದೆ ಫುಟ್‌ಬಾಲ್ ತಂಡ ನನ್ನ ಪಾಲಿಗೆ ಬಂತು. ಆಡಿದ್ದನ್ನೆಲ್ಲ ಸೋತೆವು.

ಕೊನೆಯ ಪಂದ್ಯ ನರಸಿಂಹರಾಜಪುರದಲ್ಲಿ. ಶೃಂಗೇರಿಯ ಎದುರಾಳಿಗಳ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತ್ತು. ರೆಫರಿ ವಾಚು ನೋಡಿಕೊಂಡು, “ಟೈಮಾಯ್ತು ಮೇಷ್ಟ್ರೇ. ನೀವೇ ಗೆದ್ರಿ ಅಂತ ಬರ್ಕೊಳ್ಲಾ?” ಎಂದರು. ನನಗಂತೂ ಆಸೆಯಾಯಿತು.

ನಾಯಕ ಸುಧೀಂದ್ರ ತಡೆದ. “ಬ್ಯಾಡ ಸರ್, ಕಾಯೋಣ. ಪರೀಕ್ಷೆ ಮುಗಿದ್ಮೇಲೆ ನಾವು ಹನ್ನೊಂದು ಜನ ಮತ್ತೆ ಒಟ್ಟಿಗೆ ಆಡೋದೆಲ್ಲಿ?”

ಎರಡು ಗಂಟೆ ಕಾದೆವು. ಅವರು ಬಂದರು. ನಾಲ್ಕು ಗೋಲಿನಿಂದ ಸೋತೆವು. ಆದರೂ ಹುಡುಗರಿಗೆ ಮೈದಾನ ಬಿಟ್ಟು ಬರಲು ಮನಸ್ಸಿಲ್ಲ.

ಈಗಲೂ ಆ ದಾರಿಯ ಬಸ್ಸಿನಲ್ಲಿ ಮೈದಾನದ ಕಡೆಯ ಕಿಟಕಿಯಲ್ಲೇ ಕೂರುತ್ತೇನೆ. ಒಮ್ಮೆ ಕಂಡಕ್ಟರ್, “ಯಾರನ್ನ ಹುಡುಕ್ತೀರಿ ಮೇಷ್ಟ್ರೇ?” ಎಂದ. ಹನ್ನೊಂದು ಹೆಸರು ಹೇಳುವಷ್ಟರಲ್ಲಿ ನಾನಿಳಿಯುವ ಸ್ಟಾಪ್ ಬಂದುಬಿಡುತ್ತದೆಂದು ಮತ್ತೆ ಕಿಟಕಿಯತ್ತ ತಿರುಗಿದೆ.