ಮಿಸ್ತ್ರಿಯ ಕೈಯಲ್ಲಿ ನಿಲ್ಲದ ಕಾರು

ಮಿತ್ರರೇ, ನೆರೆಮನೆಯ ಅಪ್ಪಾಸಾಹೇಬರು ತಮ್ಮ ತಂದೆ ಕೊಂಡ ಹಳೆಯ ಕಾರನ್ನು ಇಂದು ಮನಸ್ಸಿಲ್ಲದ ಮನಸ್ಸಿನಿಂದ ಮಾರಲು ಹೊರಟಿದ್ದರು. ಅಂಕಲಿ ರಸ್ತೆಯಲ್ಲಿ ಅದರ ಎಂಜಿನ್ ಎಲ್ಲೆಂದರಲ್ಲಿ ನಿಂತುಹೋಗುತ್ತಿತ್ತು. ಆದರೆ ಗ್ಯಾರೇಜಿನ ಮಿಸ್ತ್ರಿ ಓಡಿಸಿದಾಗ ಒಮ್ಮೆಯೂ ನಿಲ್ಲುತ್ತಿರಲಿಲ್ಲ.

"ಗಾಡಿ ಬರೋಬರಿ ಐತ್ರಿ ಸಾವ್ಕಾರ್ರ, ಏನೂ ಕೆಟ್ಟಿಲ್ಲ" ಎಂದು ಅವನು. "ನಿನಗೇನ್ ತಿಳೀತೈತಿ ಲೇ" ಎಂದು ಇವರು.

ಕೊನೆಯ ಪರೀಕ್ಷೆಗೆಂದು ಬೆಳಿಗ್ಗೆ ಗ್ಯಾರೇಜಿಗೆ ಹೋದಾಗ ಅವರ ಪತ್ನಿ ಶಾಂತಕ್ಕನೂ ನಾನೂ ಜೊತೆಗಿದ್ದೆವು. ಅಪ್ಪಾಸಾಹೇಬರು ಭಾರವಾದ ಗೊಂಚಲಿನಿಂದ ಕಾರಿನ ಕೀಲಿಕೈಯನ್ನಷ್ಟೇ ಬಿಡಿಸಿ ಮಿಸ್ತ್ರಿಗೆ ಕೊಟ್ಟರು. ಮನೆ, ತಿಜೋರಿ, ಪಂಪ್‌ಸೆಟ್ಟಿನ ಪೆಟ್ಟಿಗೆ ಇವುಗಳ ಕೀಲಿಕೈಗಳನ್ನು ಅವರು ಯಾರಿಗೂ ಕೊಡುವವರಲ್ಲ.

ಶಾಂತಕ್ಕ ತಟ್ಟನೆ, "ಅಲ್ರೀ, ಅವಗ ಒಂದ ಕೀಲಿಕೈ ಕೊಡ್ತೀರಿ. ನೀವು ಓಡಸುವಾಗ ಇಡೀ ಸಂಸಾರನ ಜೋತ ಬಿಟ್ಟಿರ್ತೀರಿ!" ಎಂದರು.

ಮಿಸ್ತ್ರಿ ಕಾರಿನ ಕೀಲಿಕೈಯನ್ನು ಮತ್ತೆ ಗೊಂಚಲಿಗೆ ಸೇರಿಸಿ, ಎಂಜಿನ್ ಚಾಲೂ ಮಾಡಿ, ಜೋತ ಗೊಂಚಲನ್ನು ಅಲುಗಾಡಿಸಿದ. ಎಂಜಿನ್ ನಿಂತಿತು! ತಗ್ಗುದಿನ್ನೆಗಳಲ್ಲಿ ಆ ಭಾರ ಜಗ್ಗಿ, ಕೀಲಿಕೈ ಹಾಕುವ ಸವೆದ ಸ್ವಿಚ್ಚಿನ ಸಂಪರ್ಕ ತಪ್ಪುತ್ತಿತ್ತು.

"ಅಪ್ಪನ ಗಾಡಿರೀ ಗುರುಗಳ, ಸುಮ್ಮನ ಮಾರಿಬಿಡ್ತಿದ್ನಲ್ಲ!" ಎಂದು ನನಗೆ ಹೇಳುತ್ತ ಅಪ್ಪಾಸಾಹೇಬರು ಬಾನೆಟ್ಟನ್ನು ಸವರಿದರು.

ಕಾರಿನ ಕೀಲಿಕೈ ಬಿಟ್ಟು ಉಳಿದ ಗೊಂಚಲು ಶಾಂತಕ್ಕನವರ ಸೊಂಟ ಸೇರಿತು. ಮರಳುವಾಗ ಕಾರು ಎಲ್ಲಿಯೂ ನಿಲ್ಲಲಿಲ್ಲ. ಮನೆಗೆ ಬಂದ ಮೇಲೆ ಕೀಲಿಕೈಗಾಗಿ ಶಾಂತಕ್ಕನವರನ್ನು ಕಾಯುತ್ತ ತಿಜೋರಿಯ ಮುಂದೆ ಅಪ್ಪಾಸಾಹೇಬರೇ ನಿಲ್ಲಬೇಕಾಯಿತು.