ನೋಟಿಸ್ ತಂದ ರಾಶಿ ಮಷಿನ್

ಹೋದ ಸೋಮವಾರ ಬೆಳಿಗ್ಗೆ ಏಳಕ್ಕೆ ಫೋನ್ ಬಂತು. ಏಳು ಗಂಟೆ ನಾನು ಪೇಪರ್ ಓದುವ ಹೊತ್ತು. ಫೋನ್ ಎತ್ತುವುದಿಲ್ಲ. ಅವತ್ತು ಯಾಕೋ ಎತ್ತಿದೆ.

‘ಮಾಸ್ತರ್ ಸಾಬ್, ನಿಮ್ಮ ಮಷಿನ್ ದೆಸೆಯಿಂದ ನನಗ ನೋಟಿಸ್ ಬಂದದ ನೋಡ್ರಿ.’

ಮೆಹಬೂಬ್ ಭಾಯಿ. ಮೋಮಿನಪುರದವರು. ಕಲಬುರಗಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅವರದೊಂದು ವರ್ಕ್‌ಶಾಪ್ ಇದೆ. ಸುತ್ತಲ ಹಳ್ಳಿಗಳ ಹೊಲದ ಯಂತ್ರಗಳಿಗೆಲ್ಲ ಅಲ್ಲೇ ರಿಪೇರಿ. ಕಮಲಾಪುರದಲ್ಲಿ ಒಕ್ಕಲುತನ ಮಾಡುವ ನನ್ನ ತಮ್ಮ ಶರಣಪ್ಪ ಮತ್ತು ನಾನು ಕೂಡಿ ಕೊಂಡ, ತೊಗರಿ ಒಕ್ಕುವ ರಾಶಿ ಮಷಿನ್ನನ್ನೂ ಅಲ್ಲಿಗೇ ಒಯ್ದಿದ್ದೆವು. ಮೂರು ವರ್ಷದ ಹಿಂದೆ!

ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಕಲಿಸಿ ನಿವೃತ್ತನಾದವನು ನಾನು. ಸಾಲು ತಪ್ಪಿದ ಚಪ್ಪಲಿ ಕಂಡರೆ ಬಗ್ಗಿ ಸರಿಮಾಡುತ್ತೇನೆ (ಬೀಗರ ಮನೆಯಲ್ಲೂ, ಹೆಂಡತಿ ಮುಖ ಮುಚ್ಚಿಕೊಳ್ಳುತ್ತಾಳೆ). ನನ್ನಿಂದ ಇನ್ನೊಬ್ಬರಿಗೆ ನೋಟಿಸೇ?

ಕೂಡಲೇ ಹೋದೆ. ಪಾಲಿಕೆಯ ನೋಟಿಸ್ ಒಂದೇ ಪುಟ. ಕಟ್ಟಡಕ್ಕೂ ರಸ್ತೆಗೂ ನಡುವಿನ ಖಾಲಿ ಜಾಗದಲ್ಲಿ ಯಂತ್ರ ನಿಲ್ಲಿಸುವಂತಿಲ್ಲ. ಹೊರಗೆ ಇಡುವುದಿದ್ದರೆ ಕಟ್ಟಡದ ಹಿಂದೆ ಇಡಬೇಕು. ಅದೂ ಕಾಂಪೌಂಡ್ ಗೋಡೆಗಿಂತ ಎತ್ತರ ಇರಬಾರದು. ಶನಿವಾರ ಹನ್ನೊಂದಕ್ಕೆ ತಪಾಸಣೆ. ಅಷ್ಟರಲ್ಲಿ ಸರಿಯಾಗದಿದ್ದರೆ ಲೈಸೆನ್ಸ್ ರಿನ್ಯೂ ಆಗುವುದಿಲ್ಲ. ಮೆಹಬೂಬ್ ಭಾಯಿ ಮತ್ತು ನಾಲ್ವರು ಕೆಲಸಗಾರರು ಶಟರ್ ಎಳೆದು ಮನೆಗೆ ಹೋಗಬೇಕು.

ರೂಲ್ಸ್ ನನಗೆ ಸರಿಯೆನಿಸಿದವು. (ರೂಲ್ಸ್ ನನಗೆ ಯಾವಾಗಲೂ ಸರಿಯೆನಿಸುತ್ತವೆ.) ನಾಳೆ ಬೆಂಕಿ ಬಿದ್ದರೆ ಫೈರ್ ಎಂಜಿನ್ ಒಳಗೆ ಬರುವುದು ಹೇಗೆ? ಗೇಟಿನಿಂದ ಬಾಗಿಲವರೆಗೆ ಬಿತ್ತುವ ಯಂತ್ರ, ಔಷಧ ಹೊಡೆಯುವ ಟ್ಯಾಂಕು, ನೇಗಿಲು. ಎಲ್ಲಕ್ಕೂ ರಿಪೇರಿ ಮುಗಿದಿದೆ, ದುಡ್ಡೂ ಸಂದಿದೆ. ಒಯ್ಯುವವರಿಲ್ಲ. ನಡುವೆ ಎಲ್ಲಕ್ಕಿಂತ ಎತ್ತರವಾಗಿ, ಗೋಡೆಯ ಮೇಲಿಂದ ರಸ್ತೆಗೆ ಇಣುಕುತ್ತ ನಿಂತದ್ದು ನಮ್ಮದೇ.

‘ಇಷ್ಟೆಲ್ಲ ಕೂಡಿ ಹಾಕ್ಕೊಂಡೀರಲ್ರಿ! ಒಂದು ಫೋನ್ ಮಾಡಿ ಒಯ್ಯಿರಿ ಅನ್ನಬಾರದೇನು?’ ಎಂದು ದಬಾಯಿಸಿದೆ.

‘ಮಾಡಿಲ್ಲೇನ್ರಿ? ನಿಮಗೇ ಮೂರು ಸಲ ಮಾಡೀನಿ. ಮೂರೂ ಸಲ ಮುಂದಿನ ಸೋಮವಾರ ಹತ್ತಕ್ಕ ಬರ್ತೀನಿ ಅಂದ್ರಿ. ಮಾಸ್ತರು ಟೈಮಿಗೆ ಪಕ್ಕಾ ಅಂತ ನಾ ಗೇಟ್ ತೆಗೆದು ಕುಂತಿದ್ದೆ.’

ಕೆಲಸಗಾರರು ನಕ್ಕರು. ನಾನು ಅಳತೆಯ ಟೇಪು ಕೇಳಿದೆ.

ನಿಜ ಹೇಳುತ್ತೇನೆ. ಮಷಿನ್ ರಿಪೇರಿಗೆ ಹಾಕಿದ ವರ್ಷವೇ ಊರಿಗೆ ಬಾಡಿಗೆಯ ಹಾರ್ವೆಸ್ಟರ್ ಬಂತು. ನಮ್ಮದು ಬೇಕಾಗಲಿಲ್ಲ. ಮಾರಲು ಶರಣಪ್ಪ ಒಪ್ಪಲಿಲ್ಲ. ತರಲು ನಾನು ಅವಸರ ಮಾಡಲಿಲ್ಲ. ಕಣ್ಣಿಗೆ ಬೀಳದ ವಸ್ತುವಿನ ಚಿಂತೆ ಯಾರಿಗೆ?

ಸಂಜೆಯೊಳಗೆ ಎಲ್ಲದರ ಎತ್ತರ ಅಳೆದೆ. ಹಿತ್ತಲಲ್ಲಿ ಸುಣ್ಣದಪುಡಿಯಿಂದ ಗೆರೆ ಎಳೆದೆ, ಕ್ರೀಡಾಕೂಟಕ್ಕೆ ಎಳೆದಂತೆ. ಗುರುವಾರದ ಹೊತ್ತಿಗೆ ಕೆಲವು ಯಂತ್ರ ಅವುಗಳ ಮಾಲೀಕರ ಮನೆಗೆ ಹೋದವು. ಉಳಿದವು ಗೆರೆಯ ಮೇಲೆ ಸಾಲಾಗಿ ನಿಂತವು. ಗೋಡೆ ಮೀರಿದ್ದು ಒಂದೇ. ನಮ್ಮದು.

ಶರಣಪ್ಪನಿಗೆ ಫೋನ್ ಹಚ್ಚಿದೆ.

‘ಇಲ್ಲಿ ಎಲ್ಲಿ ಇಡ್ಲಿ ಅಣ್ಣಾ? ಅಂಗಳದಾಗ ದನ ಅವ, ಟ್ರ್ಯಾಕ್ಟರ್ ಅದ. ಜೇವರ್ಗಿ ಕಾಲೋನಿಯೊಳಗ ನಿಮ್ಮ ಮನೀ ಮುಂದ ಎಷ್ಟು ಜಾಗ ಅದ! ಬರೇ ಕ್ರೋಟನ್ ಗಿಡ ಇಟ್ಟೀರಿ.’

‘ಅದು ರೆಸಿಡೆನ್ಷಿಯಲ್ ಏರಿಯಾ ಅದನೋ.’

‘ಮತ್ತ ನಮ್ಮದೇನು? ನಾವೂ ಮನ್ಯಾಗೇ ಇರ್ತೀವಿ, ಗೋಡೌನದಾಗಲ್ಲ!’

‘ನಾಳೆ ಆರಕ್ಕ ಟ್ರ್ಯಾಕ್ಟರ್ ತಗೊಂಡು ಬಾ, ನಾನೂ ಬರ್ತೀನಿ’ ಎಂದಷ್ಟೇ ಹೇಳಿದೆ. ಅವನು ಒಂಬತ್ತಕ್ಕೆ ಬಂದ. (ಒಂದೇ ತಾಯಿಯ ಮಕ್ಕಳು!) ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಕಮಲಾಪುರದವರೆಗೆ ಮೆಲ್ಲಗೆ ಎಳೆದೆವು. ಮನೆ ಮುಟ್ಟಿದ ಮೇಲೆ ಇಬ್ಬರೂ ಸೇರಿ ಹಳೆಯ ಕಟ್ಟಿಗೆ ರಾಶಿ ತೆಗೆದು, ಹಿತ್ತಲಲ್ಲಿ ಜಾಗ ಮಾಡಿದೆವು. ಬೆನ್ನು ಇನ್ನೂ ನೋಯುತ್ತಿದೆ.

ಶನಿವಾರ ಹನ್ನೊಂದಕ್ಕೆ ಸರಿಯಾಗಿ ಇನ್ಸ್‌ಪೆಕ್ಟರ್ ಬಂದರು. (ಅವರ ಬಗ್ಗೆ ನನಗೆ ಗೌರವ ಹುಟ್ಟಿತು.) ಮುಂದಿನ ಜಾಗ ಖಾಲಿ. ಹಿಂದೆ ಸಾಲು. ಸುಣ್ಣದ ಗೆರೆ ನೋಡಿ ಹುಬ್ಬೇರಿಸಿದರು.

‘ಏನ್ರೀ ಇದು, ಪರೇಡ್ ಅದ ಏನು?’

‘ಮಾಸ್ತರ್ ಸಾಬ್ ಮಾಡಿಸ್ಯಾರ್ರಿ,’ ಎಂದರು ಮೆಹಬೂಬ್ ಭಾಯಿ. ‘ಮಷಿನಿಗೆ ಕಿವಿ ಇದ್ದಿದ್ರ ಅಟೆನ್ಷನ್ನೂ ಅಂತಿದ್ರು.’

ಇನ್ಸ್‌ಪೆಕ್ಟರ್ ನಕ್ಕು ಸಹಿ ಹಾಕಿದರು. ಮೆಹಬೂಬ್ ಭಾಯಿ ಕಾಗದವನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟು, ಎಲ್ಲರಿಗೂ ಚಹಾ ತರಿಸಿದರು.

ಮನೆಗೆ ಬಂದು ಅಂಗಳದಲ್ಲಿ ನಿಂತೆ. ಗುಡಿಸಿದ ನೆಲ, ಸಾಲಾಗಿ ಕ್ರೋಟನ್. ಮೂರು ವರ್ಷ ಇದನ್ನು ನನ್ನ ಶಿಸ್ತು ಅಂದುಕೊಂಡಿದ್ದೆ. ನನ್ನ ಮಷಿನ್ ಮಾತ್ರ ಇನ್ನೊಬ್ಬರ ಅಂಗಳದಲ್ಲಿ ನಿಂತಿತ್ತು. ಟೇಲರ್ ಅಂಗಡಿಯಲ್ಲಿ ಹೊಲಿದು ಮುಗಿದ ಬಟ್ಟೆ, ರಿಪೇರಿ ಅಂಗಡಿಯಲ್ಲಿ ಮಿಕ್ಸರ್, ಅಕ್ಕನ ಮನೆ ಅಟ್ಟದ ಮೇಲೆ ಹಳೆಯ ಮಂಚ. ಎಲ್ಲರದೂ ಎಲ್ಲೋ ಒಂದಿಷ್ಟು ಇರುತ್ತದಲ್ಲವೇ?

ನಿಮ್ಮ ಮನೆ ಬಹಳ ಅಚ್ಚುಕಟ್ಟು, ಒಪ್ಪಿದೆ. ಅದರ ನೋಟಿಸ್ ಯಾರ ವಿಳಾಸಕ್ಕೆ ಹೋಗುತ್ತಿದೆ?