ಅವ್ವನ ಎರಡು ಪಿಂಚಣಿ

ನಮ್ಮೂರಿನ ನಿವೃತ್ತ ಶಿರಸ್ತೇದಾರರ ಸಹಿಗೆ ಅಷ್ಟೊಂದು ಬೆಲೆ ಯಾಕಿತ್ತೋ ನನಗೆ ಇಂದಿಗೂ ತಿಳಿದಿಲ್ಲ. ಮನುಷ್ಯನಿಗಂತೂ ಮೂರು ಕಾಸಿನ ಬೆಲೆ ಇರಲಿಲ್ಲ.

ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ. ನಾನು ಸಣ್ಣವಳಿದ್ದಾಗಲೇ ತೀರಿಕೊಂಡ. ಅವನ ಕುಟುಂಬ ಪಿಂಚಣಿ ಅವ್ವನಿಗೆ ಬಂತು. ಅನುಕಂಪದ ಮೇಲೆ ಅಫಜಲಪುರ ಕಡೆಯ ಒಂದು ಸ್ಟೇಶನ್ನಿನಲ್ಲಿ ಕಸ ಹೊಡೆಯುವ, ನೀರು ತುಂಬುವ ನೌಕರಿಯೂ ಸಿಕ್ಕಿತು. ನೌಕರಿ ಸಿಕ್ಕಿತೆಂದು ಪಿಂಚಣಿಯ ಮೇಲಿನ ತುಟ್ಟಿಭತ್ಯೆ ನಿಂತುಹೋಯಿತು. ಸಂಬಳ ಪಡೆಯುವ ವಿಧವೆಗೆ ಪೇಟೆಯಲ್ಲಿ ಜೋಳ ಅಗ್ಗಕ್ಕೆ ಸಿಗುತ್ತದೆ ಎಂದು ಯಾವ ಬುದ್ಧಿವಂತ ಎಣಿಸಿದ್ದನೋ! ಊರಲ್ಲಿ ಮಾತ್ರ "ಎರಡೂ ಕೈಲೆ ಬಾಚಾಕತ್ತಾಳ" ಎಂಬ ಮಾತು.

ಅಪ್ಪನ ಪಿಂಚಣಿ ಬರುತ್ತಿದ್ದದ್ದು ಆಳಂದದ ಬ್ಯಾಂಕಿಗೆ. ಪ್ರತಿ ನವೆಂಬರಿನಲ್ಲಿ ಅವ್ವ ಜೀವಂತ ಇದ್ದಾಳೆಂದು ತೋರಿಸಿದರೆ ಸಾಲದು, ಮರುಮದುವೆಯಾಗಿಲ್ಲ ಎಂದು ಬ್ಯಾಂಕಿಗೆ ಪರಿಚಯವಿದ್ದ ಗಣ್ಯರೊಬ್ಬರು ಸಹಿ ಹಾಕಬೇಕು. ಗಣ್ಯರೆಂದರೆ ಈ ಶಿರಸ್ತೇದಾರರೇ. ಅವ್ವ ರಜೆ ಹಾಕಿ ನಮ್ಮೂರು ಮಾದನಹಿಪ್ಪರಗಾಕ್ಕೆ ಬಂದು ಅವರ ಕಟ್ಟೆಯ ಕೆಳಗೆ ನಿಲ್ಲುತ್ತಿದ್ದಳು. ಅವರು ಎಲೆಗೆ ಸುಣ್ಣ ಹಚ್ಚಿ, ಮಡಚಿ, ಬಾಯಿಗಿಟ್ಟುಕೊಂಡು, ಆಮೇಲೆ ನಗುತ್ತಿದ್ದರು.

"ಏನಬೇ, ಈ ವರ್ಷಾನೂ ಯಾರೂ ಸಿಗಲಿಲ್ಲೇನು?"

ಪ್ರತಿ ವರ್ಷ ಇದೇ ಮಾತು. ಹೊಸ ಚೇಷ್ಟೆ ಹುಡುಕುವಷ್ಟೂ ತಲೆ ಇಲ್ಲದ ಮನುಷ್ಯ. ಮೊದಲ ಹೆಂಡತಿ ತೀರಿ ವರ್ಷ ತುಂಬುವ ಮೊದಲೇ ಇನ್ನೊಬ್ಬಳನ್ನು ಕಟ್ಟಿಕೊಂಡ ಈತ ಅವ್ವನ ಬಾಳಿಗೆ ಸಾಕ್ಷಿ! ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಅವ್ವ "ಇಲ್ಲರೀ" ಎಂದು ತಲೆ ತಗ್ಗಿಸಿ ಕಾಗದ ಚಾಚುತ್ತಿದ್ದಳು.

ಅವ್ವ ನಿವೃತ್ತಳಾದ ಮೇಲೆ ಅವಳದೇ ಪಿಂಚಣಿಯೂ ಅದೇ ಬ್ಯಾಂಕಿಗೆ ಬರತೊಡಗಿತು. ಆ ನವೆಂಬರಿನಲ್ಲಿ ನಾನೂ ಜೊತೆಗೆ ಹೋಗಿದ್ದೆ. ಶಿರಸ್ತೇದಾರರು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನು ಮುಟ್ಟಲೇ ಇಲ್ಲ.

"ಎರಡೆರಡು ಪಿಂಚಣಿ ಯಾಕಬೇ ನಿನಗ? ಗಂಡಂದು ಬಿಟ್ಟುಬಿಡು."

ಅವ್ವ ಮೊದಲ ಸಲ ತಲೆ ಎತ್ತಿದಳು.

"ನಂದು ತಗೊಳ್ಳಾಕ ನಾ ಜೀವಂತ ಇದ್ರ ಸಾಕ್ರಿ. ಅವರದು ತಗೊಳ್ಳಾಕ ನಿಮ್ಮ ಸಹಿ ಬೇಕಂತ. ನಿಮ್ಮ ಪಿಂಚಣಿಗಿ ಯಾರ್ ಸಹಿ ಹಾಕ್ತಾರ್ರಿ, ನೀವು ಇನ್ನೊಂದು ಲಗ್ನ ಆಗಿಲ್ಲಂತ?"

ಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವರ ಎರಡನೆಯ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಬಂದು, ಕಟ್ಟೆಯ ಮೇಲಿದ್ದ ಪೆನ್ನನ್ನು ಗಂಡನ ಕೈಗಿಟ್ಟಳು.

"ಹಾಕ್ರಿ, ಅವರಿಗೆ ಬಸ್ಸಿಗೆ ಹೊತ್ತಾಕೈತಿ."

ಹಾಕಿದರು. ಬಾಯಲ್ಲಿದ್ದ ಎಲೆ ಅಗಿಯುವುದನ್ನೂ ಮರೆತಿದ್ದರು.

ಆಳಂದದ ಬ್ಯಾಂಕಿನಲ್ಲಿ ಗುಮಾಸ್ತ ಅಪ್ಪನ ಪಿಂಚಣಿಯ ಕಾಗದಕ್ಕೇ ಮೊದಲು ಕೈ ಚಾಚಿದ. ಅವ್ವ ಅದನ್ನು ಕೊಡದೆ ಹಿಂದಕ್ಕೆ ಹಿಡಿದಳು.

"ತಡಿಯಪಾ," ಎಂದಳು. "ಮೊದಲ ನಂದು ತಗೋ."